ಕ್ರೈಸ್ತ ಕಾಲೇಜಿನಲ್ಲಿ ಸಮಾಜಶಾಸ್ತ್ರ ಓದಬಹುದೇ?

ನೀವು ಎರಡು ಭಯಗಳನ್ನು ಒಂದೇ ಪ್ರಶ್ನೆಯಲ್ಲಿ ಗಂಟು ಹಾಕಿ ಕೇಳಿದ್ದೀರಿ. ಕ್ರೈಸ್ತ ಕಾಲೇಜಿನಲ್ಲಿ ಸಮಾಜಶಾಸ್ತ್ರದ ಪದವಿಗೆ ಸೇರಿದರೆ ಪಾಠದ ಹೆಸರಿನಲ್ಲಿ ಧರ್ಮೋಪದೇಶ ಕೇಳಬೇಕಾಗುತ್ತದೆಯೇನೋ ಎಂಬುದು ನಿಮ್ಮ ಭಯ. ಸಮಾಜಶಾಸ್ತ್ರ ಓದಿದವರು ದೇವರನ್ನು ಬಿಟ್ಟುಬಿಡುತ್ತಾರೆ ಎಂಬುದು ನಿಮ್ಮ ತಾಯಿಯ ಭಯ. ನಾನು ಅಂಥದ್ದೇ ಒಂದು ಕಾಲೇಜಿನಲ್ಲಿ ಮೂರು ವರ್ಷ ಇದೇ ವಿಷಯ ಓದಿದವಳು. ಓದಬಹುದು ಎಂಬುದೇ ನನ್ನ ಉತ್ತರ. ಆದರೆ ಸೇರುವ ಮುನ್ನ ಒಂದು ಸಂಗತಿಯನ್ನು ವಿಚಾರಿಸಿಕೊಳ್ಳಬೇಕು, ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ತಾಯಿಯ ಭಯವನ್ನು ಮೊದಲು ತೆಗೆದುಕೊಳ್ಳುತ್ತೇನೆ, ಏಕೆಂದರೆ ಅದು ಹುಸಿ ಭಯವಲ್ಲ. ಮೊದಲ ವರ್ಷ ನಮಗೆ ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಎಮಿಲ್ ಡರ್ಖೈಮ್ ಅವರ ಪಾಠವಿತ್ತು. ಜನರು ಒಟ್ಟುಗೂಡಿ ಪೂಜಿಸುವಾಗ ಅವರಿಗೆ ಅನುಭವವಾಗುವ ಆ ದೊಡ್ಡ ಶಕ್ತಿ ಅವರ ಸಮಾಜದ್ದೇ ಶಕ್ತಿ ಎಂದು 1912ರಲ್ಲಿ ಅವರು ವಾದಿಸಿದರು. ಬೆಳಿಗ್ಗೆ ಅದನ್ನು ಓದಿ, ಮುಂದಿನ ಗಂಟೆಗೆ ಪ್ರಾರ್ಥನಾ ಮಂದಿರದಲ್ಲಿ ನಿಂತೆ. ಸುತ್ತ ಎಲ್ಲರೂ ಹಾಡುತ್ತಿದ್ದರು. ನನಗೆ ಬಾಯಿ ತೆರೆಯಲಾಗಲಿಲ್ಲ. ಇಷ್ಟು ವರ್ಷ ನಾನು ಯಾರಿಗೆ ಕೈಮುಗಿದೆ ಎಂಬ ಪ್ರಶ್ನೆ ವಾರಗಟ್ಟಲೆ ಬಿಡಲಿಲ್ಲ.

ನಮ್ಮ ಅಧ್ಯಾಪಕರ ಬಳಿ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ಸಮಾಧಾನ ಹೇಳಲಿಲ್ಲ, ಸಮಾಜಶಾಸ್ತ್ರಜ್ಞ ಪೀಟರ್ ಬರ್ಗರ್ ಅವರನ್ನು ಓದಲು ಕೊಟ್ಟರು. ಧರ್ಮವನ್ನು ಅಧ್ಯಯನ ಮಾಡುವ ಸಮಾಜಶಾಸ್ತ್ರಜ್ಞ ತನ್ನ ವಿಧಾನದ ಮಟ್ಟಿಗೆ ನಿರೀಶ್ವರವಾದಿಯಾಗಿರಬೇಕು, ಅಂದರೆ ತನ್ನ ವಿವರಣೆಯಲ್ಲಿ ದೇವರನ್ನು ಕಾರಣವಾಗಿ ತರಬಾರದು ಎಂದು ಬರ್ಗರ್ 1967ರಲ್ಲಿ ಬರೆದರು. ಬರ್ಗರ್ ಸ್ವತಃ ಲೂಥರನ್ ಪಂಥದ ಕ್ರೈಸ್ತರಾಗಿದ್ದರು. ವೈದ್ಯೆಯೊಬ್ಬಳು ಪ್ರಾರ್ಥನೆ ಮಾಡಿಯೇ ಆಸ್ಪತ್ರೆಗೆ ಹೊರಡಬಹುದು. ಜ್ವರಕ್ಕೆ ಕಾರಣ ಹುಡುಕುವಾಗ ಅವಳು ನೋಡುವುದು ರಕ್ತಪರೀಕ್ಷೆಯ ವರದಿಯನ್ನು. ದೇವರಿದ್ದಾನೆಯೇ ಇಲ್ಲವೇ ಎಂದು ಆ ವರದಿ ಹೇಳುವುದಿಲ್ಲ, ಹೇಳಲು ಹೊರಟರೆ ಅದು ತನ್ನ ಮಿತಿ ಮೀರಿದಂತೆ. ಡರ್ಖೈಮ್ ಅವರಲ್ಲಿ ಯಾವುದು ಗಮನಿಸಿ ಕಂಡದ್ದು, ಯಾವುದು ಅದರಾಚೆಗೆ ಜಿಗಿದು ಹೇಳಿದ್ದು ಎಂದು ಬೇರ್ಪಡಿಸಲು ಅಂದಿನಿಂದ ಕಲಿತೆ. ನನ್ನ ನಂಬಿಕೆ ಉಳಿಯಿತು, ಆದರೆ ಮೊದಲಿನ ರೂಪದಲ್ಲಿ ಉಳಿಯಲಿಲ್ಲ. ನಮ್ಮ ತರಗತಿಯಲ್ಲಿ ನಂಬಿಕೆ ಕಳೆದುಕೊಂಡವರೂ ಇದ್ದರು. ಇದನ್ನು ನಿಮ್ಮ ತಾಯಿಯಿಂದ ಮುಚ್ಚಿಡಬೇಡಿ.

ಇನ್ನು ನಿಮ್ಮ ಭಯ. ಇಂಥ ಕಾಲೇಜಿನಲ್ಲಿ ಓದಿದ್ದರಿಂದ ನನಗೆ ದೊರೆತ ಲಾಭ ಬೇರೆ ಕಡೆ ಸಿಗುತ್ತಿತ್ತೆಂದು ನನಗೆ ಅನ್ನಿಸುವುದಿಲ್ಲ. ಜರ್ಮನಿಯ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೆಬರ್ 1904-05ರಲ್ಲಿ ಬರೆದ ಪ್ರಬಂಧವನ್ನೇ ನೋಡಿ. ಯಾರಿಗೆ ಮೋಕ್ಷವೆಂದು ದೇವರು ಮೊದಲೇ ನಿರ್ಧರಿಸಿಬಿಟ್ಟಿದ್ದಾನೆ ಎಂದು ಪ್ರಾಟೆಸ್ಟೆಂಟ್ ಕ್ರೈಸ್ತರಲ್ಲಿ ಒಂದು ಪಂಗಡವಾದ ಕ್ಯಾಲ್ವಿನ್ ಪಂಥದವರು ನಂಬಿದ್ದರು; ತಾವು ಆಯ್ಕೆಯಾದವರೋ ಅಲ್ಲವೋ ಎಂಬ ತಳಮಳದಲ್ಲಿ ಶಿಸ್ತಿನ ದುಡಿಮೆಯಲ್ಲೇ ಅದರ ಗುರುತನ್ನು ಅರಸಿದರು; ಗಳಿಸಿದ್ದನ್ನು ಭೋಗಕ್ಕೆ ಸುರಿಯದ್ದರಿಂದ ಬಂಡವಾಳ ಬೆಳೆಯಿತು ಎಂಬುದು ಅಲ್ಲಿನ ವಾದದ ಒಂದು ಎಳೆ. ಪುಸ್ತಕದಲ್ಲಿ ಅದು ಹದಿನಾರು, ಹದಿನೇಳನೆಯ ಶತಮಾನದ ಕಥೆ. ನಮ್ಮ ತರಗತಿಯಲ್ಲಾದರೋ ಅದೇ ಪಂಥದ ಮನೆಗಳಿಂದ ಬಂದ ಇಬ್ಬರಿದ್ದರು. ಆ ತಳಮಳವನ್ನು ನನ್ನ ಅಜ್ಜನಲ್ಲಿ ಕಣ್ಣಾರೆ ಕಂಡಿದ್ದೇನೆ ಎಂದ ಒಬ್ಬ. ಆಯ್ಕೆಯಾಗಿದ್ದೇವೆ ಎಂಬ ನೆಮ್ಮದಿಯೇ ನಮ್ಮ ಮನೆಯ ಉಸಿರು, ತಳಮಳ ಎಲ್ಲಿಂದ ಬಂತು ಎಂದಳು ಇನ್ನೊಬ್ಬಳು. ಗಂಟೆ ಬಾರಿಸಿದರೂ ಯಾರೂ ಏಳಲಿಲ್ಲ. ವೆಬರ್ ತಮ್ಮ ಪತ್ರವೊಂದರಲ್ಲಿ, ಧರ್ಮದ ವಿಷಯದಲ್ಲಿ ತನಗೆ ಸಂಗೀತದ ಕಿವಿಯಿಲ್ಲ ಎಂಬರ್ಥದ ಮಾತು ಬರೆದಿದ್ದಾರೆ. ಅಂಥವರು ಬರೆದದ್ದನ್ನು ಆ ಕಿವಿಯುಳ್ಳವರ ನಡುವೆ ಕೂತು ಓದುವುದು ಒಂದು ಭಾಗ್ಯ.

ಕೊರತೆಯೂ ಇತ್ತು. ಮಾರ್ಕ್ಸ್ ಅವರ 'ಧರ್ಮ ಜನತೆಯ ಅಫೀಮು' ಎಂಬ ಮಾತನ್ನು ನಮಗೆ ಹೇಳಿ, ಖಂಡಿಸಿ, ಪುಟ ಮುಚ್ಚಿದರು. 1844ರಲ್ಲಿ ಪ್ರಕಟವಾದ ಆ ಬರಹದಲ್ಲಿ ಅದಕ್ಕೂ ಮೊದಲಿನ ಸಾಲುಗಳು ಧರ್ಮವನ್ನು ನೊಂದ ಜೀವದ ನಿಟ್ಟುಸಿರು, ಹೃದಯವಿಲ್ಲದ ಜಗತ್ತಿನ ಹೃದಯ ಎನ್ನುತ್ತವೆ. ಅವು ಸಿಕ್ಕಿದ್ದು ನಾನೇ ಗ್ರಂಥಾಲಯದಲ್ಲಿ ಹುಡುಕಿದಾಗ. ಕುಟುಂಬ, ಲಿಂಗ, ಲೈಂಗಿಕತೆಯ ಪಾಠಗಳೂ ಅವಸರದಲ್ಲಿ ಮುಗಿದವು. ಎಲ್ಲಾ ಕ್ರೈಸ್ತ ಕಾಲೇಜುಗಳೂ ಹೀಗೆಯೇ ಎನ್ನಲಾರೆ. ಕ್ರೈಸ್ತ ನಂಬಿಕೆಗಳನ್ನು ಒಪ್ಪುತ್ತೇವೆ ಎಂಬ ಪತ್ರಕ್ಕೆ ಅಧ್ಯಾಪಕರು ಸಹಿ ಹಾಕಲೇಬೇಕಾದ ಕಾಲೇಜುಗಳೂ ಇವೆ, ಹೆಸರಿಗಷ್ಟೇ ಕ್ರೈಸ್ತವಾಗಿ ಉಳಿದವೂ ಇವೆ. ನಿಮ್ಮದು ಯಾವ ಬಗೆ ಎಂದು ವಿಚಾರಿಸಿ.

ಕೊನೆಯ ವರ್ಷದ ಕ್ಷೇತ್ರಕಾರ್ಯಕ್ಕೆ ನಾನು ಆರಿಸಿಕೊಂಡದ್ದು ನಮ್ಮದೇ ಪ್ರಾರ್ಥನಾ ಮಂದಿರವನ್ನು. ಎಂಟು ವಾರ ಹಿಂದಿನ ಗೋಡೆಗೆ ಒರಗಿ ನಿಂತು ಯಾರು ಎಲ್ಲಿ ಕೂರುತ್ತಾರೆ, ಯಾರು ಯಾವಾಗ ಬರುತ್ತಾರೆ ಎಂದು ಬರೆದುಕೊಂಡೆ. ಕೊನೆಯ ಎರಡು ಸಾಲುಗಳಲ್ಲಿ ಬಹುಪಾಲು ಶುಲ್ಕ ರಿಯಾಯಿತಿಗಾಗಿ ಅಡುಗೆಮನೆಯಲ್ಲಿ ದುಡಿಯುವ ವಿದ್ಯಾರ್ಥಿಗಳೇ ಇರುತ್ತಿದ್ದರು. ಅವರ ಕೆಲಸ ಮುಗಿಯುವುದೂ ಪ್ರಾರ್ಥನೆ ಶುರುವಾಗುವುದೂ ಒಂದೇ ಹೊತ್ತಿಗೆ. ತಡವಾಗಿ ಬಂದು ಹಿಂದೆ ಕೂರುತ್ತಿದ್ದ ಅವರಿಗೆ ಭಕ್ತಿ ಕಡಿಮೆ ಎಂಬ ಮಾತು ಕಾಲೇಜಿನಲ್ಲಿ ಹರಿದಾಡುತ್ತಿತ್ತು. ನಾನೂ ಹಾಗೆಯೇ ನಂಬಿದ್ದೆ. ಅದನ್ನು ನೆನೆದರೆ ಇಂದಿಗೂ ನಾಚಿಕೆಯಾಗುತ್ತದೆ. ಒಬ್ಬೊಬ್ಬರ ಸ್ವಂತ ಕುಂದೆಂದು ಕಾಣುವುದರ ಹಿಂದೆ ಸಮಾಜದ ಏರ್ಪಾಟು ಹೇಗಿರುತ್ತದೆ ಎಂದು ಅಮೆರಿಕದ ಸಮಾಜಶಾಸ್ತ್ರಜ್ಞ ಸಿ. ರೈಟ್ ಮಿಲ್ಸ್ ಅವರನ್ನು ಓದಿ ಪರೀಕ್ಷೆ ಬರೆದಿದ್ದೆ. ಅರ್ಥವಾದದ್ದು ಆ ಗೋಡೆಯ ಬಳಿ.

ಇದನ್ನೆಲ್ಲ ಬರೆದ ಭಾಗವನ್ನು ನನ್ನ ಕ್ಷೇತ್ರಕಾರ್ಯದ ಪ್ರಬಂಧದಿಂದ ತೆಗೆಯಲು ಆಡಳಿತದವರೊಬ್ಬರು ಸೂಚಿಸಿದರು. ನಮ್ಮ ಅಧ್ಯಾಪಕರು ಒಪ್ಪಲಿಲ್ಲ. ಸತ್ಯ ಹೇಳಬೇಕೆಂದು ಪ್ರಾರ್ಥನೆಯಲ್ಲಿ ಕಲಿಸುವ ನಾವೇ ಇದನ್ನು ಅಳಿಸಿದರೆ ಹೇಗೆ ಎಂದು ಕೇಳಿದರು. ಪ್ರಬಂಧ ಹಾಗೆಯೇ ಉಳಿಯಿತು. ಅಡುಗೆಮನೆಯ ವೇಳಾಪಟ್ಟಿ ಮಾತ್ರ ನಾನು ಕಾಲೇಜು ಬಿಡುವವರೆಗೂ ಬದಲಾಗಲಿಲ್ಲ.

ಚರ್ಚಿಗೂ ಈ ಶಾಸ್ತ್ರಕ್ಕೂ ಹುಟ್ಟಾ ವೈರವೆಂದು ಯಾರಾದರೂ ಹೇಳಿದರೆ ಚರಿತ್ರೆ ನೆನಪಿಸಿ. 1892ರಲ್ಲಿ ಶಿಕಾಗೊ ವಿಶ್ವವಿದ್ಯಾಲಯದ ಸಮಾಜಶಾಸ್ತ್ರ ವಿಭಾಗವನ್ನು ಕಟ್ಟಿದ ಆಲ್ಬಿಯನ್ ಸ್ಮಾಲ್ ದೇವತಾಶಾಸ್ತ್ರ ಓದಿ ಬಂದವರು. ಅಮೆರಿಕದ ಫಿಲಡೆಲ್ಫಿಯಾ ನಗರದ ಕಪ್ಪು ಜನರ ಬದುಕನ್ನು ಮನೆಮನೆಗೆ ಹೋಗಿ ವಿಚಾರಿಸಿ 1899ರಲ್ಲಿ ಅಧ್ಯಯನ ಪ್ರಕಟಿಸಿದ ಸಮಾಜಶಾಸ್ತ್ರಜ್ಞ ಡಬ್ಲ್ಯೂ. ಇ. ಬಿ. ಡುಬಾಯ್ಸ್, ಆ ಜನರ ಚರ್ಚುಗಳನ್ನೂ ಅಷ್ಟೇ ಶ್ರದ್ಧೆಯಿಂದ ಅಧ್ಯಯನ ಮಾಡಿದರು.

ಈಗ ನಾನು ಮೊದಲೇ ಹೇಳಿದ ಸಂಗತಿ. ಸಂಖ್ಯಾಶಾಸ್ತ್ರ ಮತ್ತು ಸಂಶೋಧನಾ ವಿಧಾನ ಕಡ್ಡಾಯವಾಗಿ ಇವೆಯೇ ಎಂದು ಪಠ್ಯಕ್ರಮದಲ್ಲಿ ನೋಡಿ. ಅವಿಲ್ಲದಿದ್ದರೆ ಮುಂದಿನ ಓದಿಗೂ ಕೆಲಸಕ್ಕೂ ಕಷ್ಟವಾಗುತ್ತದೆ. ಅದಾದ ಮೇಲೆ ಒಂದು ದಿನ ವಿಭಾಗಕ್ಕೇ ಹೋಗಿ, ಹಳೆಯ ವಿದ್ಯಾರ್ಥಿಗಳ ಪ್ರಬಂಧಗಳನ್ನು ತೋರಿಸಿ ಎಂದು ಕೇಳಿ. ಕಾಲೇಜನ್ನೇ ಪ್ರಶ್ನಿಸಿದ ಪ್ರಬಂಧ ಒಂದಾದರೂ ಆ ಕಪಾಟಿನಲ್ಲಿದ್ದರೆ ಧೈರ್ಯವಾಗಿ ಸೇರಿಕೊಳ್ಳಿ.