ಒಂಬತ್ತು ತಲೆಮಾರಿನಲ್ಲಿ ಒಬ್ಬ ತಾಯಿಯೂ ಇಲ್ಲವೇ?

ಓದುಗರ ಪತ್ರ

ಮಾನ್ಯ ಸಂಪಾದಕರೇ,
ನಾನು ದಾವಣಗೆರೆಯಲ್ಲಿ ನೆಲೆಸಿರುವ ನಿವೃತ್ತ ಉಪನ್ಯಾಸಕ. ನಮ್ಮ ಪೂರ್ವಿಕರ ಊರು ಜಗಳೂರು ತಾಲೂಕಿನದು. ಮನೆತನಗಳ ವಂಶಾವಳಿಯನ್ನು ನೆನಪಿಟ್ಟು ಹೇಳುವ ಹೆಳವರ ನೆರವಿನಿಂದ ನಮ್ಮ ಮನೆತನದ ಒಂಬತ್ತು ತಲೆಮಾರುಗಳ ವಂಶಾವಳಿಯನ್ನು ಸಂಗ್ರಹಿಸಿ, ಅಚ್ಚು ಹಾಕಿಸಿ, ಬಂಧುಗಳಿಗೆ ಹಂಚಿದ್ದೇನೆ. ನನ್ನ ತಂಗಿಯ ಮಗಳು ಅದನ್ನು ತಿರುವಿಹಾಕಿ, ‘ಮಾವ, ಇದರಲ್ಲಿ ಮುನ್ನೂರು ಗಂಡಸರಿದ್ದಾರೆ, ಇವರನ್ನೆಲ್ಲ ಹೆತ್ತವರು ಯಾರು?’ ಎಂದು ಕೇಳಿದಳು. ಮದುವೆಯಾಗಿ ಹೋದ ಹೆಣ್ಣುಮಕ್ಕಳು ಆಯಾ ಮನೆತನದ ವಂಶಾವಳಿಯಲ್ಲಿ ಬರಬೇಕಾದವರು. ಅವರನ್ನೂ ಸೇರಿಸುತ್ತ ಹೋದರೆ ಕಾಗದ ಸಾಲುವುದಿಲ್ಲ. ಬಂದ ಸೊಸೆಯರ ವಿಷಯದಲ್ಲಿ ದಾಖಲೆಗಳೇ ಇಲ್ಲ. ಇಲ್ಲದ ದಾಖಲೆಯನ್ನು ಎಲ್ಲಿಂದ ತರಲಿ? ತಮ್ಮ ಅಭಿಪ್ರಾಯ ತಿಳಿಸಬೇಕು.

ಸಂಪಾದಕರ ಉತ್ತರ

ಮಾನ್ಯರೇ,

ಪತ್ರದೊಂದಿಗೆ ತಾವು ಕಳುಹಿಸಿದ ಪುಸ್ತಕವನ್ನು ಪೂರ್ತಿಯಾಗಿ ಓದಿದೆ. ಸುಗ್ಗಿ ಮುಗಿದ ಮೇಲೆ ಎತ್ತನ್ನು ಸಿಂಗರಿಸಿಕೊಂಡು ಬಾಗಿಲಿಗೆ ಬರುವ ಹೆಳವರನ್ನು ಭಿಕ್ಷುಕರೆಂದು ಬಗೆದು ಮುಂದಕ್ಕೆ ಕಳುಹಿಸುವ ಈ ದಿನಗಳಲ್ಲಿ, ತಾವೇ ಅವರನ್ನು ಹುಡುಕಿಕೊಂಡು ಹೋಗಿ, ಅವರ ಬಾಯಿಪಾಠವನ್ನೂ ಕಾಗದದ ಕಟ್ಟುಗಳನ್ನೂ ತಾಳೆ ನೋಡಿ ಬರೆದುಕೊಂಡದ್ದು ಮೆಚ್ಚತಕ್ಕ ಕೆಲಸ. ವಂಶಾವಳಿಗೆ ಒಂದು ಕಟ್ಟುಪಾಡು ಇರಬೇಕು, ಇಲ್ಲವಾದರೆ ಅದಕ್ಕೆ ಕೊನೆಯೇ ಇರುವುದಿಲ್ಲ ಎಂಬುದನ್ನೂ ಒಪ್ಪುತ್ತೇನೆ. ನನ್ನ ಒಪ್ಪಿಗೆ ಇಲ್ಲಿಗೆ ಮುಗಿಯಿತು.

ತಮ್ಮ ವಾದವನ್ನು ತಾವೇ ಇನ್ನೊಮ್ಮೆ ಓದಿಕೊಳ್ಳಬೇಕೆಂದು ಕೋರುತ್ತೇನೆ. ಹುಟ್ಟಿದ ಮಗಳು ಗಂಡನ ಮನೆಯ ಪುಸ್ತಕದಲ್ಲಿ ಬರಬೇಕು ಎನ್ನುತ್ತೀರಿ. ಗಂಡನ ಮನೆಯವರಾದರೋ, ತಮ್ಮ ಹಾಗೆಯೇ, ಸೊಸೆಯ ದಾಖಲೆ ಇಲ್ಲವೆಂದು ಕೈಚೆಲ್ಲುತ್ತಾರೆ. ಹೀಗೆ ಎರಡು ಮನೆಗಳನ್ನು ಬೆಳಗಿದಳೆಂದು ನಾವು ಹಾಡಿ ಹೊಗಳುವ ಹೆಣ್ಣು ಎರಡು ಪುಸ್ತಕಗಳಿಂದಲೂ ಹೊರಗೆ ಉಳಿಯುತ್ತಾಳೆ. ತಮ್ಮನ್ನು ಪ್ರಶ್ನೆ ಕೇಳಿದ ಆ ಹುಡುಗಿಯ ತಾಯಿ, ಅಂದರೆ ತಮ್ಮ ಒಡಹುಟ್ಟಿದ ತಂಗಿ, ತಮ್ಮ ಪುಸ್ತಕದಲ್ಲಿ ಎಲ್ಲಿಯೂ ಇಲ್ಲ. ಆಕೆಯ ದಾಖಲೆ ಸಿಗಲಿಲ್ಲವೆಂದು ತಾವು ಹೇಳಲಾರಿರಿ.

ಇನ್ನು ದಾಖಲೆಗಳ ಮಾತು. ತಮ್ಮ ಮನೆಯ ಹಳೆಯ ಟ್ರಂಕಿನಲ್ಲಿ ಕ್ರಯಪತ್ರಗಳು, ಪಾಲುಪಟ್ಟಿಗಳು ಇದ್ದೇ ಇರುತ್ತವೆ. ಅವುಗಳನ್ನು ಬಿಚ್ಚಿ, ಗಂಡಸಿನ ಹೆಸರಿನ ಮುಂದಿರುವ, ಇಂಥವರ ಮಗನೆಂದು ಹೇಳುವ ‘ಬಿನ್’ ಎಂಬುದನ್ನು ಬಿಟ್ಟು ‘ಕೋಂ’ ಎಂದಿರುವ ಸಾಲುಗಳನ್ನು ಮಾತ್ರ ಓದಿ ನೋಡಿ. ಇಂಥವರ ಹೆಂಡತಿ ಇಂಥವಳು ಎಂದು ಹೇಳುವ ಆ ಸಾಲುಗಳಲ್ಲಿ ತಮ್ಮ ಮುತ್ತಜ್ಜಿಯರು ಒಬ್ಬೊಬ್ಬರಾಗಿ ಸಿಗುತ್ತಾರೆ. ಅವರಲ್ಲಿ ಬಹುಮಂದಿ ವಿಧವೆಯರಾಗಿರುತ್ತಾರೆ ಎಂಬುದನ್ನು ತಾವು ಗಮನಿಸದೆ ಇರುವುದಿಲ್ಲ. ಗಂಡ ಇರುವವರೆಗೆ ಹೆಣ್ಣಿನ ಹೆಸರು ಕಾಗದಕ್ಕೆ ಬೇಕಾಗುತ್ತಿರಲಿಲ್ಲ. ಅವನು ಸತ್ತು, ಮಕ್ಕಳು ಚಿಕ್ಕವರಾಗಿ, ಸಾಲ ಕೊಟ್ಟವನು ಬಾಗಿಲಿಗೆ ಬಂದಾಗ ‘ಮೈನರ್ ಮಕ್ಕಳ ತಾಯಿ ಮತ್ತು ಪೋಷಕಿ’ ಎಂದು ಆಕೆ ಹೆಬ್ಬೆಟ್ಟು ಒತ್ತುತ್ತಿದ್ದಳು. ಆ ಹೆಬ್ಬೆಟ್ಟಿನ ಕೆಳಗೆ ಬಿಕ್ಕಲಂ ಹಾಕಿದವನ, ಅಂದರೆ ಪತ್ರ ಬರೆದುಕೊಟ್ಟವನ ಹೆಸರನ್ನೂ, ಸಾಕ್ಷಿ ಹಾಕಿದವರ ಹೆಸರನ್ನೂ ನೋಡಬೇಕು. ಸಾಕ್ಷಿಗಳಲ್ಲಿ ಒಬ್ಬ ಬೇರೆ ಊರಿನವನಾಗಿದ್ದರೆ ಅವನು ಆಕೆಯ ಅಣ್ಣನೋ ತಮ್ಮನೋ ಆಗಿರುವ ಸಂಭವ ಹೆಚ್ಚು, ಅಲ್ಲಿಗೆ ತವರಿನ ಊರು ಸಿಕ್ಕಿತೆಂದೇ ತಿಳಿಯಬಹುದು.

ಮೈಸೂರು ಸಂಸ್ಥಾನದಲ್ಲಿ 1933ರಲ್ಲಿಯೇ ಹಿಂದೂ ಮಹಿಳೆಯರ ಹಕ್ಕುಗಳ ಕಾಯಿದೆ ಬಂದು, ಮನೆ ಪಾಲಾಗುವಾಗ ತಾಯಿಗೂ ವಿಧವೆಗೂ ಮದುವೆಯಾಗದ ಹೆಣ್ಣುಮಕ್ಕಳಿಗೂ ಇಷ್ಟು ಭಾಗವೆಂದು ಗೊತ್ತುಮಾಡಿತ್ತು. ಚಿತ್ರದುರ್ಗ, ದಾವಣಗೆರೆ, ಜಗಳೂರು ಆಗ ಸಂಸ್ಥಾನದ ಒಳಗಿದ್ದ ಊರುಗಳಾದ್ದರಿಂದ ಆ ನಂತರದ ಪಾಲುಪಟ್ಟಿಗಳನ್ನು ವಿಶೇಷವಾಗಿ ನೋಡಬೇಕು. ಆದರೆ ಸೊಸೆ ಹರಪನಹಳ್ಳಿ ಕಡೆಯವಳಾಗಿದ್ದರೆ ಆಕೆ ಮದರಾಸು ಪ್ರಾಂತ್ಯದಿಂದ ಬಂದವಳು. ತವರಿನ ಕಾಗದಗಳನ್ನು ಹಳೆಯ ಬಳ್ಳಾರಿ ಜಿಲ್ಲೆಯಲ್ಲಿ ಹುಡುಕಬೇಕು. ಹೊನ್ನಾಳಿ, ಚನ್ನಗಿರಿಯವಳಾದರೆ 1997ಕ್ಕೆ ಹಿಂದಿನವು ಶಿವಮೊಗ್ಗ ಜಿಲ್ಲೆಯವು. ದಾವಣಗೆರೆ ಜಿಲ್ಲೆ ಆದದ್ದೇ ಆ ವರ್ಷ ಎಂಬುದನ್ನು ನಮ್ಮ ಹುಡುಗರು ಮರೆತಿರುತ್ತಾರೆ.

ಕಾಗದವೇ ಇಲ್ಲದ ಮನೆಯಾದರೆ ಅಟ್ಟ ಹತ್ತಿ ನೋಡಬಹುದು. ಹಿತ್ತಾಳೆಯ ಕೊಡ, ಗಂಗಾಳ, ಚರಿಗೆಗಳ ಅಂಚಿನಲ್ಲಿ ಕೊರೆಸಿದ ಹೆಸರುಗಳು ಇರುತ್ತವೆ. ಮದುವೆಯಲ್ಲಿ ಯಾರು ಯಾರಿಗೆ ಮುಯ್ಯಿ ಮಾಡಿದರು ಎಂಬುದನ್ನು, ಕೆಲವೊಮ್ಮೆ ಇಸವಿಯ ಸಮೇತ, ಆ ಪಾತ್ರೆಗಳು ಹೇಳುತ್ತವೆ. ಹೊಳಲ್ಕೆರೆ ಕಡೆಯ ನನ್ನ ಪರಿಚಿತರೊಬ್ಬರ ಮನೆಯಲ್ಲಿ ಯಾರಿಗೂ ಗೊತ್ತಿರದ ಹೆಸರೊಂದು ಒಂದೇ ಒಂದು ತಪ್ಪಲೆಯ ಮೇಲಿತ್ತು; ವಿಚಾರಿಸಿದಾಗ ಆಕೆ ಅವರ ತಾತನ ಮೊದಲ ಹೆಂಡತಿಯೆಂದೂ, ಚೊಚ್ಚಲ ಬಾಣಂತನದಲ್ಲಿ ತೀರಿಕೊಂಡಳೆಂದೂ, ಈಗಿನವರೆಲ್ಲ ಎರಡನೆಯವಳ ಸಂತಾನವೆಂದೂ ಗೊತ್ತಾಯಿತು. ಆ ತಪ್ಪಲೆಯನ್ನು ಹಳೆಯ ಸಾಮಾನಿಗೆ ಹಾಕಿ ಹೊಸ ಕುಕ್ಕರ್ ತರುವ ಮಾತು ಅದೇ ತಿಂಗಳು ನಡೆದಿತ್ತಂತೆ.

ತಮ್ಮ ಪುಸ್ತಕದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಮೂಲಪುರುಷರ ಪುಟ. ‘ಧಾತು ಸಂವತ್ಸರದ ಬರದಲ್ಲಿ ಈ ಊರಿಗೆ ವಲಸೆ ಬಂದು ನೆಲೆನಿಂತರು’ ಎಂದು ಬರೆದು ಮುಂದಿನ ತಲೆಮಾರಿಗೆ ಹೋಗಿಬಿಟ್ಟಿದ್ದೀರಿ. ಅದು ಸಾಮಾನ್ಯ ಬರವಲ್ಲ. 1871ರಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ, 1876–78ರ ಆ ಬರದ ನಂತರ, 1881ರ ಗಣತಿಯಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಅಂಥ ಕಾಲದಲ್ಲಿ ಊರು ಬಿಟ್ಟವರು ಕಣ್ಣು ಕಂಡ ಕಡೆ ಹೋಗಿರಬಹುದು, ನಿಜ. ಆದರೆ ಉಳಿದು ಬೇರೂರಿದವರು ಗುರುತಿನವರ ಊರಿನಲ್ಲಿಯೇ ಉಳಿದಿರುವುದು ಹೆಚ್ಚು. ಈ ಸೀಮೆಯಲ್ಲಿ ಹಿಡಿ ಜೋಳಕ್ಕಾಗಿ ಒಬ್ಬ ಹೆಣ್ಣುಮಗಳು ಮಕ್ಕಳನ್ನು ಕಟ್ಟಿಕೊಂಡು ಹೋಗಬಹುದಾದ ಊರು ಯಾವುದು? ತವರಲ್ಲವೇ? ಮೊಳಕಾಲ್ಮೂರು ತಾಲೂಕಿನ ಒಂದು ಮನೆತನದವರು ತಮ್ಮ ಮೂಲಪುರುಷನ ಸಾಹಸವನ್ನು ನನಗೆ ವರ್ಣಿಸುತ್ತಿದ್ದಾಗ ಒಳಗಿನಿಂದ ಅಜ್ಜಿಯೊಬ್ಬರು, ‘ಸಾಹಸ ಏನು ಬಂತು, ಅವ್ವನ ಕಂಕುಳಾಗ ಬಂದ ಕೂಸು ಅದು’ ಎಂದರು. ಗಂಡನನ್ನು ಬರಕ್ಕೆ ಕೊಟ್ಟು, ಕೂಸನ್ನು ಎತ್ತಿಕೊಂಡು, ಅಣ್ಣನ ಮನೆಗೆ ಬಂದು, ಅವನ ಹೊಲದ ಮಗ್ಗುಲಲ್ಲಿಯೇ ಗುಡಿಸಲು ಹಾಕಿದವಳು ಆ ತಾಯಿ. ಆ ಮನೆತನದವರು ಇಂದಿಗೂ ಅಣ್ಣನ ಕಡೆಯವರೊಂದಿಗೆ ಹೆಣ್ಣು ಕೊಟ್ಟು ತರುತ್ತಾರೆ. ಏಕೆ ಎಂದು ಮಾತ್ರ ಮರೆತಿದ್ದರು. ತಮ್ಮ ಮೂಲಪುರುಷರಿಗೆ ಆಗ ಎಷ್ಟು ವಯಸ್ಸು, ಆ ಊರಿನಲ್ಲಿ ಮೊದಲೇ ಯಾರಿದ್ದರು ಎಂಬ ಎರಡು ಪ್ರಶ್ನೆಗಳನ್ನು ಹೆಳವರಿಗೆ ಕೇಳಿದಿರಾ? ಯಜಮಾನ ದವಸ ಅಳೆದು ಕೊಡುವವನಾದ್ದರಿಂದ ಅವರು ಅವನಿಗೆ ಬೇಕಾದದ್ದನ್ನು ಮೊದಲು ಹೇಳುತ್ತಾರೆ. ತಂದ ಮನೆ, ಕೊಟ್ಟ ಮನೆಗಳನ್ನು ಕೇಳುವವರಿದ್ದರೆ ಅದನ್ನೂ ಹೇಳಿಯಾರು.

ನಮ್ಮಲ್ಲಿ ಸೋದರಮಾವನೊಂದಿಗೆ, ಸೋದರತ್ತೆಯ ಮಗನೊಂದಿಗೆ ಆಗುವ ಮದುವೆಗಳು ವೈದ್ಯರ ದೃಷ್ಟಿಯಲ್ಲಿ ಹೇಗೇ ಇರಲಿ, ವಂಶಾವಳಿ ಬರೆಯುವವನಿಗೆ ಉಪಕಾರ ಮಾಡಿವೆ. ಬಂದ ಸೊಸೆ ಎಷ್ಟೋ ಸಲ ಹಿಂದಿನ ತಲೆಮಾರಿನಲ್ಲಿ ಹೋದ ಮಗಳ ಮಗಳೇ ಆಗಿರುತ್ತಾಳೆ. ಹೋದವಳನ್ನು ಬರೆದಿದ್ದರೆ ಬಂದವಳ ದಾಖಲೆ ತಾನಾಗಿಯೇ ದೊರಕುತ್ತಿತ್ತು. ಮೊಮ್ಮಗಳಿಗೆ ಅಜ್ಜಿಯ ಹೆಸರಿಡುವ ರೂಢಿಯೂ ಇದೆ. ಒಂದೇ ಹೆಸರು ತಲೆಮಾರು ಬಿಟ್ಟು ತಲೆಮಾರಿಗೆ ಬರುತ್ತಿದ್ದರೆ ಅದನ್ನು ಹಿಡಿದು ಹಿಂದಕ್ಕೆ ಹೋಗಬಹುದು.

ಹೆಸರಿನ ವಿಷಯದಲ್ಲಿ ನಮ್ಮ ನಡವಳಿಕೆಯೇ ವಿಚಿತ್ರವಾದದ್ದು. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಬಾರದೆಂದು ಒಡಪು ಕಟ್ಟಿ ಹೇಳುತ್ತಿದ್ದವಳು ಹೆಂಡತಿ, ಆದರೂ ಅವನ ಹೆಸರು ಎಲ್ಲ ಕಡೆಯಲ್ಲಿಯೂ ಉಳಿಯಿತು. ಆಕೆಯ ಹೆಸರನ್ನು ಹೇಳಬಾರದೆಂದು ಯಾರೂ ಕಟ್ಟಳೆ ಮಾಡಿರಲಿಲ್ಲ, ಆದರೂ ಅಳಿಸಿಹೋಯಿತು. ಸ್ವತಂತ್ರ ಭಾರತದ ಮೊದಲ ಮಹಾಚುನಾವಣೆಗೆ ಮತದಾರರ ಪಟ್ಟಿ ಸಿದ್ಧವಾದಾಗ, ಮುಖ್ಯವಾಗಿ ಉತ್ತರದ ರಾಜ್ಯಗಳಲ್ಲಿ, ಇಂಥವನ ಹೆಂಡತಿ, ಇಂಥವನ ತಾಯಿ ಎಂದಷ್ಟೇ ಬರೆಸಿದ್ದ ಸುಮಾರು 28 ಲಕ್ಷ ಮಹಿಳೆಯರನ್ನು ಪಟ್ಟಿಯಿಂದ ಕೈಬಿಡಬೇಕಾಯಿತು. ನಮ್ಮಲ್ಲಿ ಮಹಾಲಯ ಅಮಾವಾಸ್ಯೆಯ ದಿನ ಎಡೆಯ ಮುಂದೆ ಸೀರೆ, ಕುಪ್ಪಸ, ಬಳೆ ಇಡುತ್ತೇವೆ. ಯಾರಿಗೆ ಇಟ್ಟದ್ದು ಎಂದು ಮಕ್ಕಳು ಕೇಳಿದರೆ ‘ಹಿರಿಯರಿಗೆ’ ಎಂದು ಹೇಳಿ ಸುಮ್ಮನಾಗಿಸುತ್ತೇವೆ.

ಹೆಣ್ಣಿಗೆ ಹೆಸರು ಕೊಡಲು ನಾವು ಕೇಳಿದ ಬೆಲೆಯೂ ಸಣ್ಣದಲ್ಲ. ಊರ ಹೊರಗಿನ ಮಾಸ್ತಿಕಲ್ಲುಗಳಲ್ಲಿ ಬಳೆ ತೊಟ್ಟ ಕೈಯೊಂದು ಮೇಲೆತ್ತಿರುತ್ತದೆ; ಗಂಡನ ಚಿತೆ ಏರಿದವಳಿಗೆ ಕಲ್ಲು ನಿಂತಿತು, ಕೆಂಡದಂಥ ಬದುಕನ್ನು ಎಪ್ಪತ್ತು ವರ್ಷ ಬಾಳಿದವಳಿಗೆ ನಿಲ್ಲಲಿಲ್ಲ. ಬೆಳತೂರಿನ 1057ರ ಶಾಸನ ದೇಕಬ್ಬೆಯ ತಂದೆ ರವಿಗನ ಹೆಸರನ್ನೂ ಗಂಡ ಏಚನ ಹೆಸರನ್ನೂ ಹೇಳುವುದು ಆಕೆ ಬೆಂಕಿಗೆ ಬಿದ್ದದ್ದರಿಂದ. ನಮ್ಮ ಚಿತ್ರದುರ್ಗದ ಕೋಟೆಯ ಓಬವ್ವನ ವಿಷಯವೂ ಬೇರೆಯಲ್ಲ. ಹೈದರನ ಸೈನಿಕರು ಕಿಂಡಿಯಲ್ಲಿ ನುಸುಳಿದ ಆ ಒಂದು ಹೊತ್ತಿನ ಓಬವ್ವ ನಮಗೆ ಬೇಕು; ಅದಕ್ಕೆ ಮೊದಲು ಅದೇ ಒನಕೆಯಿಂದ ಎಷ್ಟು ಸಾವಿರ ಸೇರು ಕುಟ್ಟಿದ್ದಳು ಎಂಬುದು ಬೇಡ. 2021ರಿಂದ ಸರ್ಕಾರ ನವೆಂಬರ್ 11ರಂದು ಆಕೆಯ ಜಯಂತಿಯನ್ನು ಆಚರಿಸುತ್ತಿದೆ, ಸಂತೋಷ. ಆ ದಿನ ವೇದಿಕೆಯ ಮೇಲೆ ಭಾಷಣ ಮಾಡುವವರನ್ನು ಇಳಿಯುವ ಮೊದಲು ನಿಲ್ಲಿಸಿ, ತಮ್ಮ ಅಜ್ಜಿಯ ತಾಯಿಯ ಹೆಸರೇನು ಎಂದು ಕೇಳುವ ಆಸೆ ನನಗೆ ಬಹಳ ದಿನಗಳಿಂದ ಇದೆ.

ಇದು ಕೇವಲ ಪುಸ್ತಕದ ಪ್ರಶ್ನೆಯಾಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ವಂಶವೃಕ್ಷವನ್ನು ಮನೆಯ ಗೋಡೆಗೆ ತೂಗುಹಾಕಲು ಮಾತ್ರ ಬರೆಸುವುದಿಲ್ಲ. ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವ ಪೌತಿ ಖಾತೆಗೆ ಅರ್ಜಿ ಹಾಕುವಾಗ ನಾಡಕಚೇರಿಗೂ ಅದನ್ನೇ ಕೊಡಬೇಕು. ಅಲ್ಲಿ ಮಕ್ಕಳೆಂದರೆ ಗಂಡುಮಕ್ಕಳೆಂದು ಬರೆಸಿ, ಕೊಟ್ಟುಹೋದ ಹೆಣ್ಣುಮಕ್ಕಳನ್ನು ಬಿಟ್ಟು, ಪಂಚರಿಂದ ಸಹಿ ಹಾಕಿಸಿದ ಪ್ರಸಂಗಗಳು ಯಾರಿಗೆ ಗೊತ್ತಿಲ್ಲ? ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತ ಆಸ್ತಿಯಲ್ಲಿ ಸಮಪಾಲು ಕೊಡುವಂತೆ ಹಿಂದೂ ಉತ್ತರಾಧಿಕಾರ ಕಾಯಿದೆಗೆ ಕರ್ನಾಟಕ ಮಾಡಿದ ತಿದ್ದುಪಡಿ 1994ರಲ್ಲಿ ಜಾರಿಗೆ ಬಂದರೂ ಅದಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತು; 2005ರ ಕೇಂದ್ರದ ತಿದ್ದುಪಡಿ ಆ ಭೇದವನ್ನು ತೆಗೆಯಿತು; ಆಗ ತಂದೆ ಬದುಕಿರಲೇಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟು 2020ರಲ್ಲಿ ಸ್ಪಷ್ಟಪಡಿಸಿತು. ಅಂದಿನಿಂದ ಅಕ್ಕತಂಗಿಯರ ಹೆಸರು ಅಣ್ಣತಮ್ಮಂದಿರಿಗೆ ಇದ್ದಕ್ಕಿದ್ದಂತೆ ನೆನಪಾಗುತ್ತಿದೆ. ಪಂಚಮಿ ಹಬ್ಬಕ್ಕೆ ಕರೆಯಲು ಮರೆತವರು, ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಮಾಡಿಸಲು ಸಬ್ ರಿಜಿಸ್ಟ್ರಾರ್ ಕಚೇರಿಗೆ ಕಾರು ಮಾಡಿ ಕರೆತರುತ್ತಾರೆ. ನೂರು ವರ್ಷದ ನಂತರ ತಮ್ಮಂಥ ಒಬ್ಬರು ವಂಶಾವಳಿ ಬರೆಯಲು ಕುಳಿತರೆ, ಈ ಕಾಲದ ಹೆಣ್ಣುಮಕ್ಕಳು ಅವರಿಗೆ ಸಿಗುವುದು ತಮ್ಮ ಪಾಲನ್ನು ಬಿಟ್ಟುಕೊಟ್ಟ ಕಾಗದದಲ್ಲಿಯೇ.

ತಾವು ಎರಡನೆಯ ಮುದ್ರಣ ಮಾಡಿಸುವುದಾದರೆ, ಹೆಸರು ತಿಳಿಯದ ತಾಯಂದಿರ ಜಾಗವನ್ನು ಮುಚ್ಚದೆ ಖಾಲಿ ಗೆರೆ ಬಿಟ್ಟು ಅಚ್ಚು ಹಾಕಿಸಿ. ಓದಿದ ಬಂಧುಗಳಲ್ಲಿ ಯಾರಾದರೂ ತುಂಬಿಯಾರು. ಅದಕ್ಕೆ ಮೊದಲು ಮನೆತನದಲ್ಲಿ ಎಂಬತ್ತು ದಾಟಿದ ಹೆಂಗಸರ ಬಳಿಗೆ ಹೋಗಬೇಕು, ಹೊರಗೆ ಕೊಟ್ಟವರ ಬಳಿಗೂ ಹೋಗಬೇಕು. ಚಳ್ಳಕೆರೆ ಸೀಮೆಯ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಒಂದು ಅಕ್ಷರವನ್ನೂ ಕಲಿಯದೆ ಅಷ್ಟೊಂದು ಹಾಡುಗಳನ್ನು ನೆನಪಿನಲ್ಲಿ ಇಟ್ಟುಕೊಂಡಿದ್ದ ಜಿಲ್ಲೆ ನಮ್ಮದು. ಅಜ್ಜಿಯರ ನೆನಪನ್ನು ಕಡಿಮೆಯೆಂದು ತಿಳಿಯಬಾರದು. ಹೋಗುವಾಗ ಮನೆಯ ಹೆಣ್ಣುಮಗಳೊಬ್ಬಳನ್ನು ಕರೆದುಕೊಂಡು ಹೋಗಿ, ಮಾತು ಶುರುವಾದ ಮೇಲೆ ತಾವು ಜಗಲಿಗೆ ಬನ್ನಿ. ಸವತಿಯ ಕತೆ, ಸತ್ತು ಹುಟ್ಟಿದ ಕೂಸುಗಳ ಕತೆ, ಮನೆ ಬಿಟ್ಟುಹೋದವಳ ಕತೆಗಳನ್ನು ಗಂಡಸರ ಮುಂದೆ ಹೇಳುವುದಿಲ್ಲ. ಇಸವಿಯನ್ನು ಕೇಳಬೇಡಿ, ಗೊತ್ತಿಲ್ಲ ಎಂಬ ಉತ್ತರ ಬಂದು ಅಲ್ಲಿಗೆ ಮಾತು ನಿಲ್ಲುತ್ತದೆ. ಆ ವರ್ಷ ಯಾರ ಬಾಣಂತನ ನಡೆದಿತ್ತು, ಯಾರು ತೊಟ್ಟಿಲಲ್ಲಿದ್ದರು ಎಂದು ಕೇಳಿಸಿ. ಕೂಸಿನ ಶಾಲೆಯ ದಾಖಲಾತಿ ಪುಸ್ತಕದಿಂದ ಇಸವಿಯನ್ನು ತಾವೇ ಲೆಕ್ಕ ಹಾಕಿಕೊಳ್ಳಬಹುದು.

— ಸಂ.