ಪ್ರೋಟೀನ್ ತೆಗೆಸಿದರೆ ನೆನಪು ಮರಳುವುದೇ? ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಚಿಕ್ಕಮಗಳೂರು ಜಿಲ್ಲೆಯ ಕಾಫಿ ತೋಟವೊಂದರಲ್ಲಿ ದೀರ್ಘಕಾಲ ರೈಟರ್ ಆಗಿದ್ದು ನಿವೃತ್ತರಾದ, ಎಪ್ಪತ್ತು ದಾಟಿದ ಹಿರಿಯರೊಬ್ಬರನ್ನು ಅವರ ಪತ್ನಿ ಹಾಗೂ ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಮಗ ಆಪ್ತಸಲಹೆಗೆ ಕರೆತಂದಿದ್ದರು. ಆಳುಗಳ ಹಾಜರಿಯನ್ನೂ ಸಂಬಳದ ಲೆಕ್ಕವನ್ನೂ ಪುಸ್ತಕ ತೆರೆಯದೆ ಹೇಳಬಲ್ಲವರಾಗಿದ್ದ ಅವರು ಈಗ "ಬಟವಾಡೆ ಆಯ್ತಾ?" ಎಂದು ಒಂದೇ ಬೆಳಗಿನಲ್ಲಿ ಹಲವು ಸಲ ಕೇಳುತ್ತಿದ್ದರು. ಥೈರಾಯ್ಡ್ ಮತ್ತು ಬಿ12 ಜೀವಸತ್ವದ ಪರೀಕ್ಷೆ, ಎಂಆರ್‌ಐ, ನೆನಪಿನ ಪರೀಕ್ಷೆ ಎಲ್ಲವನ್ನೂ ಮಾಡಿಸಿದ್ದ ನರರೋಗ ತಜ್ಞರು ಇದು ಆಲ್‌ಝೈಮರ್ ಕಾಯಿಲೆಯ ಆರಂಭದ ಹಂತವೆಂದು ತಿಳಿಸಿದ್ದರು. ನನ್ನ ಬಳಿಗೆ ಬಂದದ್ದು ಮನೆಯೊಳಗಿನ ಜಗಳ. ಹೊಸ ಚುಚ್ಚುಮದ್ದಿಗಾಗಿ ಇರುವ ಸಣ್ಣ ತೋಟವನ್ನು ಮಾರಿಬಿಡಬೇಕೆಂದು ಮಗ ಹಟ ಹಿಡಿದಿದ್ದರು. "ಇವರು ಬೇಕಂತಲೇ ಹೀಗೆ ಮಾಡ್ತಾರೆ" ಎಂದು ತಾಯಿ ನಂಬಿದ್ದರು.

"ಮಿದುಳಿನಲ್ಲಿ ಅಮಿಲಾಯ್ಡ್ ಅನ್ನೋ ಪ್ರೋಟೀನ್ ಕಟ್ಟಿಕೊಂಡಿರುತ್ತಂತೆ ಮೇಡಂ, ಅದನ್ನ ತೆಗೆಸಿದರೆ ಅಪ್ಪ ಮೊದಲಿನ ಹಾಗೆ ಆಗ್ತಾರಲ್ವಾ?" ಎಂದು ಮಗ ಕೇಳಿದರು. ಅವರು ಓದಿಕೊಂಡಿದ್ದರಲ್ಲಿ ಅರ್ಧ ಸರಿಯಾಗಿತ್ತು. ನರಕೋಶದ ಪೊರೆಯಲ್ಲಿರುವ ದೊಡ್ಡದೊಂದು ಪ್ರೋಟೀನನ್ನು ಎರಡು ಕಿಣ್ವಗಳು ಕತ್ತರಿಸಿದಾಗ ಬೀಟಾ ಅಮಿಲಾಯ್ಡ್ ಎಂಬ ತುಣುಕು ಉಂಟಾಗುತ್ತದೆ. ಇದು ಆರೋಗ್ಯವಂತರಲ್ಲೂ ನಿತ್ಯ ಉಂಟಾಗಿ ನಿತ್ಯ ತೊಲಗುವ ವಸ್ತು. ತೊಲಗದೆ ಉಳಿದ ತುಣುಕುಗಳು, ಅದರಲ್ಲೂ 42 ಅಮೈನೋ ಆಮ್ಲಗಳ ಉದ್ದದವು, ಒಂದಕ್ಕೊಂದು ಅಂಟಿ ಕೋಶಗಳ ನಡುವೆ ಗಡ್ಡೆಗಟ್ಟುತ್ತವೆ. ಜರ್ಮನಿಯ ವೈದ್ಯ ಅಲೋಯಿಸ್ ಆಲ್‌ಝೈಮರ್ 1906ರಲ್ಲಿ ರೋಗಿಯೊಬ್ಬರ ಮಿದುಳಿನಲ್ಲಿ ಕಂಡು ವರದಿ ಮಾಡಿದ್ದು ಇಂಥ ಗಡ್ಡೆಗಳನ್ನು ಮತ್ತು ಕೋಶಗಳೊಳಗಿನ ಎಳೆಗಂಟುಗಳನ್ನು. ಆ ಗಂಟುಗಳು ಟೌ ಎಂಬ ಬೇರೊಂದು ಪ್ರೋಟೀನಿನವು. ಮರೆವು ಎಷ್ಟು ಮುಂದುವರಿದಿದೆ ಎಂಬುದು ಅಮಿಲಾಯ್ಡ್‌ಗಿಂತ ಟೌ ಹರಡಿರುವ ಪ್ರಮಾಣದೊಂದಿಗೇ ಹೆಚ್ಚು ಹೊಂದಿಕೊಳ್ಳುತ್ತದೆ. ಮಿದುಳಿನಲ್ಲಿ ಅಮಿಲಾಯ್ಡ್ ಇದ್ದೂ ಕೊನೆಯವರೆಗೆ ನೆನಪು ಚೆನ್ನಾಗಿಯೇ ಇದ್ದ ವೃದ್ಧರೂ ಇದ್ದಾರೆ.

ಅರೇಬಿಕಾ ಕಾಫಿ ಬೆಳೆಯುವವರಿಗೆ ಇದನ್ನು ಬೋರರ್ ಹುಳುವಿನಿಂದ ವಿವರಿಸುವುದು ಸುಲಭ. ಎಲೆ ಹಳದಿಯಾಗಿ ಕಾಣುವ ಹೊತ್ತಿಗೆ ಹುಳು ಕಾಂಡದೊಳಗೆ ಬಹಳ ದೂರ ಕೊರೆದಿರುತ್ತದೆ. ಅಮಿಲಾಯ್ಡ್ ಕೂಡ ಮರೆವು ಕಾಣಿಸುವುದಕ್ಕೆ ಹದಿನೈದು ಇಪ್ಪತ್ತು ವರ್ಷ ಮೊದಲೇ ಸೇರತೊಡಗುತ್ತದೆ, ಆಮೇಲೆ ಅದನ್ನು ತೆಗೆದರೂ ಸತ್ತ ಕೋಶ ಚಿಗುರುವುದಿಲ್ಲ. ಅಲ್ಲಿಯವರೆಗೆ ಸುಮ್ಮನಿದ್ದ ಹಿರಿಯರು, "ಬೋರರ್ ಬಿದ್ದ ಗಿಡ ಕಿತ್ತು ಸುಡೋದು ಅಲ್ವಾ?" ಎಂದು ನಕ್ಕರು. ಹೋಲಿಕೆಯನ್ನು ಅಲ್ಲಿಗೇ ನಿಲ್ಲಿಸಿದೆ. ಆದರೆ ಅಷ್ಟು ಹೊತ್ತಿನ ಮಾತಿನಲ್ಲಿ ಅವರನ್ನು ಯಾರೂ ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ ಎಂಬುದು ಆಗಲೇ ಎದ್ದು ಕಂಡಿತು.

ಔಷಧದ ವಿಷಯವನ್ನು ಮಗನಿಗೆ ಅಂಕಿಗಳಲ್ಲೇ ಹೇಳಿದೆ. 2023ರಲ್ಲಿ ಅಮೆರಿಕದಲ್ಲಿ ಪೂರ್ಣ ಅನುಮೋದನೆ ಪಡೆದ, ಅಮಿಲಾಯ್ಡ್ ತೆಗೆಯುವ ಔಷಧ ಲೆಕನೆಮ್ಯಾಬ್, ಹದಿನೆಂಟು ತಿಂಗಳ ಪ್ರಯೋಗದಲ್ಲಿ ಕಾಯಿಲೆಯ ಇಳಿಜಾರನ್ನು ಶೇ. 27ರಷ್ಟು ನಿಧಾನಗೊಳಿಸಿತು; ಕಾಯಿಲೆಯ ತೀವ್ರತೆ ಅಳೆಯುವ 18 ಅಂಕಗಳ ಮಾಪನದಲ್ಲಿ ಅದು ಅರ್ಧ ಅಂಕಕ್ಕೂ ಕಡಿಮೆ ವ್ಯತ್ಯಾಸ. ಹೋದ ನೆನಪನ್ನು ಅದು ಮರಳಿಸಲಿಲ್ಲ. ಮಿದುಳಿನಲ್ಲಿ ಊತ ಅಥವಾ ಸಣ್ಣ ರಕ್ತಸ್ರಾವ ಆಗಬಹುದಾದ್ದರಿಂದ ಮತ್ತೆ ಮತ್ತೆ ಎಂಆರ್‌ಐ ಮಾಡಿಸಬೇಕು. ಈ ಹಿರಿಯರು ಹೃದಯದ ತೊಂದರೆಗೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ ಸೇವಿಸುತ್ತಿದ್ದರು. ಅಂಥವರಿಗೆ ರಕ್ತಸ್ರಾವದ ಅಪಾಯ ಹೆಚ್ಚು. ಆದ್ದರಿಂದ ಆ ಮಾತ್ರೆಯ ಚೀಟಿಯನ್ನು ಹಿಡಿದು ಮೊದಲು ನರರೋಗ ತಜ್ಞರನ್ನು ಕೇಳಬೇಕು, ಅಲ್ಲಿಯವರೆಗೆ ತೋಟದ ಮಾತು ಎತ್ತಬಾರದು ಎಂದೆ. ತನಗೂ ಬರುವುದೇ ಎಂಬ ಭಯ ಮಗನಿಗಿತ್ತು. ವಂಶವಾಹಿ ದೋಷದಿಂದ ನೇರವಾಗಿ ಬರುವ ಬಗೆ ಅಪರೂಪ, ಅದು ಸಾಮಾನ್ಯವಾಗಿ ಅರವತ್ತೈದಕ್ಕೆ ಮೊದಲೇ ಕಾಣಿಸಿಕೊಳ್ಳುತ್ತದೆ. ಅವರು ಈಗ ಗಮನಿಸಬೇಕಾದದ್ದು ತಮ್ಮ ರಕ್ತದೊತ್ತಡ, ಸಕ್ಕರೆ ಮತ್ತು ಸಿಗರೇಟು.

ತಾಯಿಗೆ ಹೇಳಿದ್ದು ಬೇರೆ. ಹೊಸ ನೆನಪನ್ನು ಕೂಡಿಡುವ ಹಿಪೊಕ್ಯಾಂಪಸ್ ಭಾಗ ಈ ಕಾಯಿಲೆಯಲ್ಲಿ ಮೊದಲೇ ಹಾಳಾಗುವುದರಿಂದ ನಲವತ್ತು ವರ್ಷ ಹಿಂದಿನ ಬಟವಾಡೆ ನೆನಪಿದ್ದು, ಬೆಳಗಿನ ತಿಂಡಿ ಮರೆತುಹೋಗುತ್ತದೆ. ಅದು ಹಟವಲ್ಲ, ನಾಟಕವಲ್ಲ. "ಆಗಲೇ ಹೇಳಿದೆನಲ್ಲ" ಎಂದು ಗದರುವ ಬದಲು "ಲೆಕ್ಕ ಎಲ್ಲ ಸರಿಯಾಗಿದೆ" ಎಂದು ಸಮಾಧಾನದಿಂದ ಹೇಳಿ, ಕಾಳುಮೆಣಸು ಬಿಡಿಸುವಂಥ ಪರಿಚಿತ ಕೆಲಸಕ್ಕೆ ಅವರನ್ನು ಕೂರಿಸಬಹುದು. ಮನೆಯಲ್ಲಿದ್ದ ಪರವಾನಗಿಯ ಕೋವಿಯನ್ನು ಕೂಡಲೇ ಠೇವಣಿ ಇಡಬೇಕು, ಔಷಧಿ ಸಿಂಪಡಿಸುವ ಡಬ್ಬಗಳಿರುವ ಕೋಣೆಗೆ ಬೀಗ ಹಾಕಬೇಕು ಎಂದೂ ಹೇಳಿದೆ. ಕೋವಿಯ ಮಾತಿಗೆ ಮನೆಯವರು ಹಿಂಜರಿದರು, ನಾನು ಬಿಡಲಿಲ್ಲ.

ಕೊನೆಗೆ ತೋಟವನ್ನು ಏನು ಮಾಡಬೇಕೆಂದು ಹಿರಿಯರನ್ನೇ ಕೇಳಿದೆ. "ಅವಳ ಹೆಸರಿಗೆ ಮಾಡಿಬಿಡಿ, ನನ್ನ ಸೂಜಿಗೆ ಮಾರಬೇಡಿ" ಎಂದು ಅವರು ತಡವರಿಸದೆ ಹೇಳಿದರು. ಇದೇ ಮಾತನ್ನು ಬೇರೊಂದು ದಿನ ಮತ್ತೆ ಕೇಳಿ ಖಚಿತಪಡಿಸಿಕೊಂಡು, ತೀರ್ಮಾನಿಸುವ ಸಾಮರ್ಥ್ಯವಿದೆ ಎಂಬ ವೈದ್ಯರ ಪತ್ರ ಪಡೆದು, ವಕೀಲರ ಮೂಲಕ ವಿಲ್ ನೋಂದಾಯಿಸುವಂತೆ ಸೂಚಿಸಿದೆ. ಕುಟುಂಬ ಮುಂದಿನ ಭೇಟಿಗೆ ಕಾಫಿ ಕುಯಿಲು ಮುಗಿದ ಮೇಲೆ ಬರುವುದಾಗಿ ಹೇಳಿತು. ವಿಲ್ಲಿನ ಕೆಲಸ ಕುಯಿಲಿಗೆ ಕಾಯಬಾರದೆಂದು ಮಗನಿಗೆ ಬರೆದುಕೊಟ್ಟು ಕಳುಹಿಸಿದೆ.