ಜಿಪಿಎ ಮಾಡಿಸಿದರೆ ಸಾಕಾ?

ಪ್ರಶ್ನೆ: ಅಮ್ಮನಿಗೆ 74 ವರ್ಷ. ಮರೆವಿನ ಕಾಯಿಲೆ ಈಗಷ್ಟೇ ಶುರುವಾಗಿದೆ ಅಂದಿದ್ದಾರೆ ಡಾಕ್ಟರು. ನಾನು ಕೆಲಸ ಬಿಟ್ಟು ಅವರನ್ನು ನೋಡಿಕೊಳ್ಳುತ್ತಿದ್ದೇನೆ. ಮನೆ, ಬ್ಯಾಂಕ್ ಖಾತೆ ಎರಡೂ ಅಮ್ಮನ ಹೆಸರಿನಲ್ಲಿವೆ. ಅಪ್ಪನ ಕುಟುಂಬ ಪಿಂಚಣಿ ಬರುತ್ತದೆ. ‘ಜಿಪಿಎ (ಅಮ್ಮನ ಪರವಾಗಿ ವ್ಯವಹರಿಸಲು ಕೊಡುವ ಅಧಿಕಾರಪತ್ರ) ಮಾಡಿಸಿಕೋ, ಸಾಕು’ ಅನ್ನುತ್ತಾನೆ ಅಣ್ಣ. ಮನೆಯನ್ನು ನನಗೆ ದಾನಪತ್ರ ಮಾಡಿಕೊಡುತ್ತೇನೆ ಅನ್ನುತ್ತಾರೆ ಅಮ್ಮ. ಯಾವುದು ಸರಿ? ಸರ್ಕಾರದ ನೆರವು ಏನಾದರೂ ಸಿಗುತ್ತದೆಯೇ?

ವಕೀಲರ ಉತ್ತರ: ಜಿಪಿಎ ಬೇಡ ಅನ್ನುವುದಿಲ್ಲ. ಆದರೆ ಅದು ನಿಜಕ್ಕೂ ಬೇಕಾಗುವ ಹೊತ್ತಿಗೇ ಕೈಕೊಡುತ್ತದೆ. 1872ರ ಕರಾರು ಕಾಯ್ದೆಯ 201ನೇ ಕಲಂ ಪ್ರಕಾರ, ಬರೆದುಕೊಟ್ಟವರ ಬುದ್ಧಿಯ ಸ್ಥಿಮಿತ ಹೋದರೆ ಆ ಅಧಿಕಾರವೂ ಮುಗಿಯಿತು. ಪತ್ರ ಬೀರುವಿನಲ್ಲೇ ಇರುತ್ತದೆ, ಬೆಲೆ ಮಾತ್ರ ಇರುವುದಿಲ್ಲ. ಆಮೇಲೆ ಅಮ್ಮನ ಆಸ್ತಿ ನೋಡಿಕೊಳ್ಳಲು ಕೋರ್ಟಿಗೇ ಹೋಗಬೇಕಾಗುತ್ತದೆ.

ಹಾಗಾಗಿ ಅಮ್ಮನಿಗೆ ತಿಳಿವಳಿಕೆ ಚೆನ್ನಾಗಿರುವಾಗಲೇ ಎರಡು ಕೆಲಸ ಮುಗಿಸಿ. ಬ್ಯಾಂಕ್ ಖಾತೆಗೆ ನಿಮ್ಮ ಹೆಸರು ಸೇರಿಸಿ, ಇಬ್ಬರಲ್ಲಿ ಯಾರು ಬೇಕಾದರೂ ವ್ಯವಹರಿಸುವಂತೆ ಜಂಟಿ ಮಾಡಿಸಿ. ಇನ್ನೊಂದು, ವಿಲ್. ಅದಕ್ಕೆ ಇಬ್ಬರು ಸಾಕ್ಷಿಗಳು ಬೇಕು. ನೋಂದಣಿ ಕಡ್ಡಾಯವಲ್ಲ, ಆದರೂ ಮಾಡಿಸಿ. ‘ಮರೆವಿನ ಅಮ್ಮನಿಂದ ಬರೆಸಿಕೊಂಡಳು’ ಅನ್ನುವ ಮಾತು ನಾಳೆ ಬಂದೇ ಬರುತ್ತದೆ, ಅಲ್ವಾ? ಅವರು ತಿಳಿದೇ ಸಹಿ ಹಾಕಿದರು ಎಂದು ಅದೇ ದಿನ ಡಾಕ್ಟರಿಂದ ಪತ್ರ ತೆಗೆದುಕೊಳ್ಳಿ. ಡಾಕ್ಟರೇ ಒಬ್ಬ ಸಾಕ್ಷಿಯಾದರೆ ಇನ್ನೂ ಒಳ್ಳೆಯದು. ನೀವು ಸಾಕ್ಷಿ ಹಾಕಬೇಡಿ.

ದಾನಪತ್ರ ಸದ್ಯಕ್ಕೆ ಬೇಡ ಎಂದೇ ನನ್ನ ಸಲಹೆ. ಇವತ್ತೇ ಅಮ್ಮನ ಕೈಯಿಂದ ಮನೆ ಯಾಕೆ ಹೋಗಬೇಕು? ಅವರು ಹಟ ಹಿಡಿದರೆ, ಕೊನೆಯವರೆಗೆ ನೋಡಿಕೊಳ್ಳಬೇಕು ಎಂಬ ಷರತ್ತನ್ನು ಪತ್ರದಲ್ಲೇ ಬರೆಸಿ. ಆ ಷರತ್ತು ಮುರಿದರೆ ಹಿರಿಯ ನಾಗರಿಕರ 2007ರ ಕಾಯ್ದೆಯ 23ನೇ ಕಲಂ ಅಡಿ ದಾನವನ್ನು ರದ್ದು ಮಾಡಿಸಬಹುದು. ಅರ್ಜಿ ಹೋಗುವುದು ಉಪವಿಭಾಗಾಧಿಕಾರಿಯ ನ್ಯಾಯಮಂಡಳಿಗೆ. ಇದನ್ನು ನಿಮ್ಮ ಮೇಲಿನ ಅನುಮಾನ ಅಂದುಕೊಳ್ಳಬೇಡಿ. ನಿಮಗೇ ಏನಾದರೂ ಆದರೆ ಮನೆ ಯಾರ ಪಾಲಾಗುತ್ತದೋ ಯಾರಿಗೆ ಗೊತ್ತು.

ನೆರವಿನ ವಿಷಯಕ್ಕೆ ಬಂದರೆ, ರಾಜ್ಯದ ಸಂಧ್ಯಾ ಸುರಕ್ಷಾ ಪಿಂಚಣಿ ಇರುವುದು 65 ದಾಟಿದ ಬಡ ಹಿರಿಯರಿಗೆ. ಅಮ್ಮನಿಗೆ ಬೇರೆ ಪಿಂಚಣಿ ಇರುವುದರಿಂದ ಅದಕ್ಕಾಗಿ ಸುಮ್ನೆ ನಾಡಕಚೇರಿ ಅಲೆಯಬೇಡಿ. ಪಿಂಚಣಿಯ ಜೀವಿತ ಪ್ರಮಾಣಪತ್ರಕ್ಕೂ ಅವರನ್ನು ಬ್ಯಾಂಕಿಗೆ ಕರೆದೊಯ್ಯುವ ಬದಲು, ಸರ್ಕಾರದ ಜೀವನ್ ಪ್ರಮಾಣ್ ಆನ್‌ಲೈನ್ ಸೇವೆಯಲ್ಲಿ ಮೊಬೈಲಿಗೆ ಮುಖ ತೋರಿಸಿ ಆಗುತ್ತದೆಯೇ ಎಂದು ಬ್ಯಾಂಕಿನಲ್ಲಿ ಕೇಳಿ. ಬೇರೇನಾದರೂ ಗೊಂದಲವಿದ್ದರೆ ಹಿರಿಯರ ಸಹಾಯವಾಣಿ 14567ಕ್ಕೆ ಕರೆ ಮಾಡಿ, ದುಡ್ಡು ಕೊಡಬೇಕಿಲ್ಲ.

ಅಂದ ಹಾಗೆ, ಅಣ್ಣ ಹಳೇ ತೆರಿಗೆ ಪದ್ಧತಿಯಲ್ಲಿದ್ದಾರಾ? ಹಾಗಿದ್ದು, ಅಮ್ಮನಿಗೆ ಆರೋಗ್ಯ ವಿಮೆ ಇಲ್ಲದಿದ್ದರೆ ಔಷಧಿ, ಆಸ್ಪತ್ರೆ ಖರ್ಚನ್ನು ಅಣ್ಣನೇ ಕೊಡಲಿ. ನಗದಾಗಿ ಕೊಡದಿದ್ದರೆ ವರ್ಷಕ್ಕೆ 50,000 ರೂಪಾಯಿವರೆಗಿನ ಖರ್ಚನ್ನು ತೆರಿಗೆ ಲೆಕ್ಕದಲ್ಲಿ ಅವರ ಆದಾಯದಿಂದ ಕಳೆಯಬಹುದು. ಹೀಗೆ ಕೇಳಿದರೆ ಇಲ್ಲ ಅನ್ನುವುದೂ ಕಷ್ಟ.